ಕ್ಯಾಸಿನೊದಲ್ಲಿ ಯಾವ ಆಟಕ್ಕೆ ಕೂರಬೇಕು? ಗಂಟೆಯ ಲೆಕ್ಕದಲ್ಲಿ ಒಂದು ಹೋಲಿಕೆ

ಒಂದು ಕಡೆ ಸ್ಲಾಟ್ ಮೆಷಿನ್. ಒಂದು ಸಲ ಗುಂಡಿ ಒತ್ತಿದರೆ 10 ಹೋಗುತ್ತದೆ. ಇನ್ನೊಂದು ಕಡೆ ಬ್ಲ್ಯಾಕ್‌ಜಾಕ್ ಅನ್ನುವ ಇಸ್ಪೀಟ್ ಆಟದ ಟೇಬಲ್. ಅಲ್ಲಿ ಒಂದು ಸುತ್ತಿಗೆ ಕನಿಷ್ಠ 100 ಕಟ್ಟಬೇಕು. ಹೆಚ್ಚು ಹಣ ಕಳೆಯಲು ಇಷ್ಟವಿಲ್ಲದವರು ಎಲ್ಲಿ ಕೂರುತ್ತಾರೆ? ಹೆಚ್ಚಿನವರು ಮೆಷಿನ್ ಮುಂದೆ. 10 ತಾನೇ, ಹೋದರೆ ಹೋಗಲಿ ಅನ್ನಿಸುತ್ತದೆ. ಆದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿಬಿದ್ದಿರುತ್ತದೆ. ಮೆಷಿನ್ ಸರಾಸರಿ 600 ತೆಗೆದುಕೊಂಡಿರುತ್ತದೆ. ಆಟ ಸರಿಯಾಗಿ ಕಲಿತು ಕೂತವರಿಂದ ಬ್ಲ್ಯಾಕ್‌ಜಾಕ್ ಟೇಬಲ್ ತೆಗೆದುಕೊಳ್ಳುವುದು ಸರಾಸರಿ 35 ಮಾತ್ರ.

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿದರೆ ಕ್ಯಾಸಿನೊದ ಅರ್ಧ ಗುಟ್ಟು ತಿಳಿದ ಹಾಗೆ. ನೋಡಬೇಕಾದದ್ದು ಮೂರು ಸಂಗತಿ. ಒಂದು ಸುತ್ತಿಗೆ ಎಷ್ಟು ಕಟ್ಟುತ್ತೀರಿ? ಗಂಟೆಗೆ ಎಷ್ಟು ಸುತ್ತು ನಡೆಯುತ್ತದೆ? ಕಟ್ಟಿದ ಪ್ರತಿ 100ರಲ್ಲಿ ಕ್ಯಾಸಿನೊ ಸರಾಸರಿ ಎಷ್ಟು ಉಳಿಸಿಕೊಳ್ಳುತ್ತದೆ? ಈ ಮೂರನ್ನೂ ಗುಣಿಸಿದರೆ ನೀವು ಕೂತ ಕುರ್ಚಿಯ ಗಂಟೆಯ ಬಾಡಿಗೆ ಸಿಗುತ್ತದೆ. ಮೆಷಿನ್ ಮುಂದೆ ಗಂಟೆಗೆ 600 ಸಲ ಗುಂಡಿ ಒತ್ತುವುದು ಏನೂ ಕಷ್ಟವಲ್ಲ. ಸಲಕ್ಕೆ 10ರಂತೆ 6000 ಕಟ್ಟಿದ ಹಾಗಾಯಿತು. ಮೆಷಿನ್ ಪಾಲು ಶೇ 10 ಅಂದುಕೊಂಡರೆ 600 ಹೋಯಿತು. ಬ್ಲ್ಯಾಕ್‌ಜಾಕ್‌ನಲ್ಲಿ ಗಂಟೆಗೆ ಸುಮಾರು 70 ಸುತ್ತು. ಕಟ್ಟಿದ್ದು 7000, ಕ್ಯಾಸಿನೊ ಪಾಲು ಸುಮಾರು ಶೇ 0.5. ಅದಕ್ಕೇ 35.

ಈ ಪಾಲಿಗೆ ಹೌಸ್ ಎಡ್ಜ್ ಅನ್ನುತ್ತಾರೆ. ಹೌಸ್ ಎಡ್ಜ್ ಕಡಿಮೆ ಇರುವ ಆಟ ಆಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದಷ್ಟೇ ಸಾಲದು. ವೇಗವನ್ನು ಬಿಟ್ಟು ಲೆಕ್ಕ ಹಾಕಿದರೆ ತಪ್ಪು ಕುರ್ಚಿಗೆ ಹೋಗಿ ಕೂರುತ್ತೀರಿ. ಹಾಗಾಗಿ ಇಲ್ಲಿ ಎಲ್ಲವನ್ನೂ ಗಂಟೆಯ ಲೆಕ್ಕದಲ್ಲೇ ಹೋಲಿಸಿದ್ದೇನೆ. ಹಣ ಯಾವ ದೇಶದ್ದಾದರೂ ಲೆಕ್ಕ ಒಂದೇ. ಅದಕ್ಕೆ ಬರೀ ಸಂಖ್ಯೆ ಕೊಟ್ಟಿದ್ದೇನೆ.

ಕ್ಯಾಸಿನೊಗೆ ದುಡ್ಡು ಬರುವುದು ಹೇಗೆ

ರೂಲೆಟ್ ಚಕ್ರ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚಕ್ರದಲ್ಲಿ 37 ಮನೆಗಳಿವೆ. 1ರಿಂದ 36ರವರೆಗೆ ಅರ್ಧ ಕೆಂಪು, ಅರ್ಧ ಕಪ್ಪು, ಜೊತೆಗೆ ಒಂದು ಸೊನ್ನೆ. ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೋ ಆ ಸಂಖ್ಯೆಗೆ ಗೆಲುವು. ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ನಿಮ್ಮ ಹಣ ವಾಪಸ್, ಮೇಲೆ ಅದರ 35 ಪಟ್ಟು. ಆಟ ಸಮನಾಗಿರಬೇಕಿದ್ದರೆ 36 ಪಟ್ಟು ಕೊಡಬೇಕಿತ್ತು. ಆ ಒಂದು ಪಟ್ಟು ಕಡಿಮೆ ಕೊಡುವುದೇ ಕ್ಯಾಸಿನೊದ ಆದಾಯ. 37ರಲ್ಲಿ 1 ಅಂದರೆ ಶೇ 2.7. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಎಲ್ಲವೂ ಟೇಬಲ್ ಮೇಲೆಯೇ ಬರೆದಿದೆ.

ಇಷ್ಟು ಸಣ್ಣ ಪಾಲಿನಲ್ಲಿ ಅಷ್ಟು ದೊಡ್ಡ ಕಟ್ಟಡ ನಡೆಯುತ್ತದಾ ಅಂತ ಕೇಳಬಹುದು. ನಡೆಯುತ್ತದೆ. ನೀವು ಕೆಂಪು ಬಣ್ಣಕ್ಕೆ 100ರಂತೆ 40 ಸಲ ಕಟ್ಟಿದರೆ ಸರಾಸರಿ ಕಳೆದುಕೊಳ್ಳುವುದು 108. ಆದರೆ ಆ ಒಂದು ಗಂಟೆಯಲ್ಲಿ ಅದೃಷ್ಟದ ಏರಿಳಿತ 600ರ ಆಸುಪಾಸು ಇರುತ್ತದೆ. ಹಾಗಾಗಿ 500 ಗೆದ್ದು ಎದ್ದು ಬರುವವರು ಬೇಕಾದಷ್ಟು ಜನ. ಈಗ ಕ್ಯಾಸಿನೊ ಕಡೆಯಿಂದ ನೋಡಿ. ಅದರ ಟೇಬಲ್‌ಗಳಲ್ಲಿ ಇಂಥ 10 ಲಕ್ಷ ಬಾಜಿ ನಡೆದರೆ ಬರಬೇಕಾದ ಪಾಲು 27 ಲಕ್ಷ. ಏರಿಳಿತ ಸುಮಾರು 1 ಲಕ್ಷ. ನಿಮಗೆ ಅದೃಷ್ಟ ದೊಡ್ಡದು, ಪಾಲು ಚಿಕ್ಕದು. ಅವರಿಗೆ ಪಾಲು ದೊಡ್ಡದು, ಅದೃಷ್ಟ ಲೆಕ್ಕಕ್ಕೇ ಬರುವುದಿಲ್ಲ. ಅವರು ಜೂಜಾಡುತ್ತಲೇ ಇಲ್ಲ. ಅದಕ್ಕೇ ಲೈಸೆನ್ಸ್ ಇರುವ ಕ್ಯಾಸಿನೊಗೆ ಮೋಸ ಮಾಡುವ ಅಗತ್ಯವೂ ಇಲ್ಲ. ಮೋಸ ಮಾಡಿ ಸಿಕ್ಕಿಬಿದ್ದು ಲೈಸೆನ್ಸ್ ಕಳೆದುಕೊಂಡರೆ ಅವರಿಗೇ ನಷ್ಟ.

ಇದು ಹಳೆಯ ವ್ಯಾಪಾರ. ವೆನಿಸ್ ನಗರದ ಸರ್ಕಾರ 1638ರಲ್ಲೇ ರಿದೊತ್ತೊ ಅನ್ನುವ ಜೂಜಿನ ಮನೆಗೆ ಅನುಮತಿ ಕೊಟ್ಟಿತ್ತು. ಬೀದಿ ಬೀದಿಯಲ್ಲಿ ನಡೆಯುವ ಆಟವನ್ನು ಒಂದೇ ಕಡೆ ತಂದು, ಕಣ್ಣಿಟ್ಟು, ತೆರಿಗೆ ತೆಗೆದುಕೊಳ್ಳುವ ಯೋಚನೆ ಅದು. 1774ರಲ್ಲಿ ಅದನ್ನು ಮುಚ್ಚಿದರು. ಆ ಯೋಚನೆ ಮಾತ್ರ ಉಳಿಯಿತು. ಅಮೆರಿಕದ ನೆವಾಡಾ ರಾಜ್ಯ 1931ರಲ್ಲಿ ಜೂಜನ್ನು ಕಾನೂನಿನ ಒಳಗೆ ತಂದದ್ದೂ ಅದೇ ದಾರಿಯಲ್ಲಿ.

ಒಳಗಿನ ಕೆಲಸ ನೋಡಲು ಚೆನ್ನಾಗಿರುತ್ತದೆ. ನೀವು ಕೊಟ್ಟ ನೋಟನ್ನು ಡೀಲರ್, ಅಂದರೆ ಆಟ ನಡೆಸುವ ಕ್ಯಾಸಿನೊ ನೌಕರರು, ಟೇಬಲ್ ಮೇಲೆ ಹರಡಿ ಎಣಿಸುತ್ತಾರೆ, ಮೇಲಿನ ಕ್ಯಾಮೆರಾಗೆ ಕಾಣಲಿ ಅಂತ. ಆಮೇಲೆ ಅದು ಸೀಳಿನ ಮೂಲಕ ಕೆಳಗಿನ ಬೀಗದ ಪೆಟ್ಟಿಗೆಗೆ ಹೋಗುತ್ತದೆ. ಟೇಬಲ್ ಬಿಟ್ಟು ಹೋಗುವ ಮುಂಚೆ ಡೀಲರ್ ಎರಡೂ ಅಂಗೈ ತೆರೆದು ತೋರಿಸುತ್ತಾರೆ. ಡೀಲರ್ ಮೇಲೆ ಕಣ್ಣಿಡಲು ಫ್ಲೋರ್ ಸೂಪರ್‌ವೈಸರ್, ಅವರ ಮೇಲೆ ಪಿಟ್ ಬಾಸ್, ಎಲ್ಲರ ಮೇಲೂ ಕ್ಯಾಮೆರಾ ಕೋಣೆ. ನೋಟು ಹೋಗಿ ಅದರ ಬದಲು ಚಿಪ್ ಅನ್ನುವ ಬಿಲ್ಲೆ ಬರುವುದರ ಹಿಂದೆ ಭದ್ರತೆಯ ಕಾರಣ ಇದೆ, ನಿಜ. ಆದರೆ ಇನ್ನೊಂದು ಪರಿಣಾಮವೂ ಇದೆ. ಕೈಯಲ್ಲಿರುವುದು ಹಣ ಅನ್ನುವ ನೆನಪು ಮಸುಕಾಗುತ್ತದೆ. ಚಿಪ್ ಕೈಗೆ ಬಂದ ಕೂಡಲೇ ಒಂದೊಂದರ ಬೆಲೆಯನ್ನೂ ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳಿ. ಸುಮ್ನೆ ಹೇಳುತ್ತಿಲ್ಲ, ಇದರಿಂದ ಕೈ ನಿಧಾನವಾಗುತ್ತದೆ.

ರೂಲೆಟ್: ಮೊದಲು ಸೊನ್ನೆ ಎಣಿಸಿ

ರೂಲೆಟ್ ಆಡುವ ಆಸೆ ಇದ್ದರೆ ಆರಿಸಬೇಕಾದದ್ದು ಸಂಖ್ಯೆಯನ್ನಲ್ಲ, ಚಕ್ರವನ್ನು. ಒಂದು ಸೊನ್ನೆಯ ಚಕ್ರದಲ್ಲಿ ಕ್ಯಾಸಿನೊ ಪಾಲು ಶೇ 2.7. ಎರಡು ಸೊನ್ನೆ ಇರುವ ಅಮೆರಿಕನ್ ಚಕ್ರದಲ್ಲಿ ಶೇ 5.26. ಈಚೆಗೆ ಕೆಲವು ಕಡೆ ಮೂರು ಸೊನ್ನೆಯ ಚಕ್ರ ಬಂದಿದೆ, ಅದರಲ್ಲಿ ಶೇ 7.69. ಮೂರರಲ್ಲೂ ಗೆದ್ದವರಿಗೆ ಸಿಗುವುದು ಅದೇ 35 ಪಟ್ಟು. ಗಂಟೆಗೆ 40 ಸಲ, 100ರಂತೆ ಕಟ್ಟಿದರೆ ಬಾಡಿಗೆ ಕ್ರಮವಾಗಿ 108, 210, 308. ಒಂದೇ ಆಟ, ಒಂದೇ ಸದ್ದು, ಒಂದೇ ಸಂತೋಷ. ಬಾಡಿಗೆ ಮಾತ್ರ ಸುಮಾರು ಮೂರು ಪಟ್ಟು.

ಫ್ರೆಂಚ್ ಪದ್ಧತಿಯ ಟೇಬಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಅಲ್ಲಿ ಲಾ ಪಾರ್ತಾಜ್ ಅನ್ನುವ ನಿಯಮ ಇರುತ್ತದೆ. ಕೆಂಪು-ಕಪ್ಪು, ಸಮ-ಬೆಸದಂಥ ಬಾಜಿ ಕಟ್ಟಿದಾಗ ಸೊನ್ನೆ ಬಿದ್ದರೆ ಅರ್ಧ ಹಣ ವಾಪಸ್ ಕೊಡುತ್ತಾರೆ. ಕ್ಯಾಸಿನೊ ಪಾಲು ಶೇ 1.35ಕ್ಕೆ ಇಳಿಯುತ್ತದೆ. ಒಂಟಿ ಸೊನ್ನೆಯೂ ಪೈಪೋಟಿಯಿಂದ ಹುಟ್ಟಿದ್ದೇ. 1843ರಲ್ಲಿ ಜರ್ಮನಿಯ ಹೋಂಬರ್ಗ್‌ನಲ್ಲಿ ಬ್ಲಾಂಕ್ ಸಹೋದರರು ಗಿರಾಕಿಗಳನ್ನು ಸೆಳೆಯಲು ಎರಡನೇ ಸೊನ್ನೆ ತೆಗೆದುಹಾಕಿದರು. ಆಮೇಲೆ ಅವರಲ್ಲಿ ಒಬ್ಬರಾದ ಫ್ರಾಂಸ್ವಾ ಬ್ಲಾಂಕ್ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊವನ್ನು ಬೆಳೆಸಿದರು. ಪೈಪೋಟಿ ಜಾಸ್ತಿ ಇರುವ ಕಡೆ ನಿಯಮ ಆಟಗಾರರ ಪರ ವಾಲುತ್ತದೆ. ಇಲ್ಲದ ಕಡೆ ಸೊನ್ನೆಗಳು ಹೆಚ್ಚುತ್ತವೆ.

ಚಕ್ರದ ಪಕ್ಕ ಹಿಂದಿನ ಸಂಖ್ಯೆಗಳನ್ನು ತೋರಿಸುವ ಫಲಕ ಇರುತ್ತದೆ. ಅದನ್ನು ನೋಡಲೇಬೇಡಿ. ಚಕ್ರಕ್ಕೆ ನೆನಪಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಒಂದೇ ಸಮನೆ 26 ಸಲ ಕಪ್ಪು ಬಿತ್ತು. ಇನ್ನು ಕೆಂಪು ಬರಲೇಬೇಕು ಅಂತ ಜನ ಹಣ ಸುರಿದರು. ಎಲ್ಲಾ ಹೋಯಿತು.

ಬ್ಲ್ಯಾಕ್‌ಜಾಕ್: ಕಲಿತವರಿಗೆ ಕಡಿಮೆ, ಕಲಿಯದವರಿಗೆ ಜಾಸ್ತಿ

ನನ್ನ ಮಟ್ಟಿಗೆ ಇಡೀ ಕ್ಯಾಸಿನೊದಲ್ಲಿ ಕಲಿಕೆಗೆ ನೇರ ಬೆಲೆ ಸಿಗುವ ಆಟ ಇದು. ರೂಲೆಟ್‌ನಲ್ಲಿ ಎಷ್ಟು ಓದಿಕೊಂಡರೂ ಚೆಂಡು ಕೇಳುವುದಿಲ್ಲ. ಇಲ್ಲಿ ನಿಮ್ಮ ನಿರ್ಧಾರದಿಂದ ಫಲಿತಾಂಶ ಬದಲಾಗುತ್ತದೆ.

ಆಟ ಸರಳ. 21 ದಾಟದೆ ಡೀಲರ್‌ಗಿಂತ ಹೆಚ್ಚು ಎಣಿಕೆ ತರಬೇಕು. ಕ್ಯಾಸಿನೊಗೆ ಲಾಭ ಬರುವುದು ಒಂದೇ ಕಾರಣಕ್ಕೆ: ಮೊದಲು ಆಡಬೇಕಾದವರು ನೀವು. ನೀವು 21 ದಾಟಿದರೆ ಹಣ ಆಗಲೇ ಹೋಯಿತು. ಆಮೇಲೆ ಡೀಲರ್ ಕೂಡ ದಾಟಿದರೂ ವಾಪಸ್ ಬರುವುದಿಲ್ಲ. ಆದರೆ ಡೀಲರ್ ಕೈ ಕಟ್ಟಿದೆ. 16 ಅಥವಾ ಕಡಿಮೆ ಇದ್ದರೆ ಎಲೆ ಎತ್ತಲೇಬೇಕು, 17 ಬಂದರೆ ಸಾಮಾನ್ಯವಾಗಿ ನಿಲ್ಲಬೇಕು. ಸ್ವಂತ ಯೋಚನೆಗೆ ಅವಕಾಶವಿಲ್ಲ. ಇದರಿಂದಾಗಿ ಪ್ರತಿ ಸಂದರ್ಭಕ್ಕೂ ಸರಿಯಾದ ಉತ್ತರ ಯಾವುದು ಅಂತ ಗಣಿತದವರು ಲೆಕ್ಕ ಹಾಕಿಟ್ಟಿದ್ದಾರೆ. ಅದಕ್ಕೆ ಬೇಸಿಕ್ ಸ್ಟ್ರಾಟಜಿ ಅನ್ನುತ್ತಾರೆ, ಒಂದು ಚೀಟಿಯಲ್ಲಿ ಹಿಡಿಯುತ್ತದೆ. ಎರಡು ಎಕ್ಕ ಅಥವಾ ಎರಡು ಎಂಟು ಬಂದರೆ ಅವನ್ನು ಬೇರೆ ಮಾಡಿ ಎರಡು ಕೈಯಾಗಿ ಆಡಿ. ಎರಡು ಹತ್ತು ಬಂದರೆ ಬೇರೆ ಮಾಡಬೇಡಿ. ನಿಮ್ಮ ಹತ್ತಿರ 12 ಇದ್ದು ಡೀಲರ್ ಮುಂದೆ 4, 5 ಅಥವಾ 6 ಇದ್ದರೆ ಸುಮ್ಮನೆ ನಿಲ್ಲಿ. ಇನ್ಶೂರೆನ್ಸ್, ಅಂದರೆ ಡೀಲರ್‌ಗೆ ಎರಡೇ ಎಲೆಯಲ್ಲಿ 21 ಬರುತ್ತದೆ ಅನ್ನುವ ಬಾಜಿ, ಬೇಕಾ ಅಂತ ಕೇಳಿದರೆ ಬೇಡ ಅನ್ನಿ, ಆ ಬಾಜಿಯಲ್ಲಿ ಕ್ಯಾಸಿನೊ ಪಾಲು ಶೇ 7ಕ್ಕೂ ಹೆಚ್ಚು. ಈ ಚೀಟಿಯನ್ನು ಟೇಬಲ್ ಮೇಲೆ ಇಟ್ಟುಕೊಂಡು ಆಡಲು ಎಷ್ಟೋ ಕ್ಯಾಸಿನೊಗಳು ಬಿಡುತ್ತವೆ. ಆದರೂ ಅದನ್ನು ನೋಡುವವರು ಕಡಿಮೆ. ಅಂದಾಜಿನ ಮೇಲೆ ಆಡುವವರಿಗೆ ಪಾಲು ಸುಲಭವಾಗಿ ಶೇ 2 ಮುಟ್ಟುತ್ತದೆ. ಗಂಟೆಯ ಬಾಡಿಗೆ 35ರ ಬದಲು 140.

ಕೂರುವ ಮುಂಚೆ ಟೇಬಲ್ ಬಟ್ಟೆಯ ಮೇಲಿನ ಬರಹ ಓದಿ. ಎಕ್ಕ ಮತ್ತು ಹತ್ತು ಒಟ್ಟಿಗೆ ಬಂದರೆ, ಅಂದರೆ ಬ್ಲ್ಯಾಕ್‌ಜಾಕ್ ಆದರೆ, ಹಳೆಯ ಪದ್ಧತಿಯಲ್ಲಿ 2ಕ್ಕೆ 3 ಕೊಡುತ್ತಾರೆ. 100 ಕಟ್ಟಿದವರಿಗೆ 150. ಈಗ ಎಷ್ಟೋ ಟೇಬಲ್‌ಗಳಲ್ಲಿ 5ಕ್ಕೆ 6 ಕೊಡುತ್ತಾರೆ. 100ಕ್ಕೆ 120. ಆರು ದೊಡ್ಡದು, ಮೂರು ಚಿಕ್ಕದು, ಹಾಗಾಗಿ ಇದೇ ಒಳ್ಳೆಯದು ಅಂತ ಮೇಲ್ನೋಟಕ್ಕೆ ಅನ್ನಿಸಬಹುದು. ಬ್ಲ್ಯಾಕ್‌ಜಾಕ್ ಬೀಳುವುದು ಸುಮಾರು 21 ಸುತ್ತಿಗೆ ಒಂದು ಸಲ. ಪ್ರತಿ ಸಲ 30 ಕಡಿಮೆ. ಇದೊಂದೇ ಬದಲಾವಣೆಯಿಂದ ಕ್ಯಾಸಿನೊ ಪಾಲು ಸುಮಾರು ಶೇ 1.4 ಏರುತ್ತದೆ. ಚೆನ್ನಾಗಿ ಕಲಿತು ಬಂದವರ ಬಾಡಿಗೆಯೂ 35ರಿಂದ 130 ದಾಟುತ್ತದೆ. ಕನಿಷ್ಠ ಬಾಜಿ ಕಡಿಮೆ ಇದೆ ಅಂತ ಇಂಥ ಟೇಬಲ್‌ಗೆ ಕೂರಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆಗಲೇ ಬಿದ್ದ ಎಲೆಗಳನ್ನು ಎಣಿಸಿ ಗೆಲ್ಲುವ ಕಥೆ ಎಲ್ಲರೂ ಕೇಳಿರುತ್ತಾರೆ. 1960ರ ದಶಕದಲ್ಲೇ ಗಣಿತದಿಂದ ಅದು ಸಾಧ್ಯ ಅಂತ ತೋರಿಸಿಯಾಗಿದೆ. ತಲೆಯಲ್ಲಿ ಎಣಿಸುವುದು ಅಪರಾಧವಲ್ಲ. ಆದರೆ ನೆವಾಡಾದಲ್ಲಿ ಕ್ಯಾಸಿನೊ ಅಂಥವರನ್ನು ಎದ್ದು ಹೋಗಿ ಅನ್ನಬಹುದು. ನ್ಯೂಜೆರ್ಸಿಯಲ್ಲಿ ಮಾತ್ರ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ, ಎಲೆ ಎಣಿಸುತ್ತಾರೆ ಅನ್ನುವ ಕಾರಣಕ್ಕೆ ಹೊರಗೆ ಹಾಕುವಂತಿಲ್ಲ ಅಂದಿತು. ಪ್ರವಾಸಕ್ಕೆ ಬಂದವರಿಗೆ ಇದು ದಾರಿಯಲ್ಲ. ತಿಂಗಳುಗಟ್ಟಲೆ ಅಭ್ಯಾಸ, ದೊಡ್ಡ ಬಂಡವಾಳ ಎರಡೂ ಬೇಕು.

ಬ್ಯಾಕರಾ: ಯೋಚಿಸಬೇಕಿಲ್ಲ, ಆದರೆ ವೇಗ ನೋಡಿ

ಚೀನಾದ ಮಕಾವ್‌ನ ಕ್ಯಾಸಿನೊಗಳ ಆದಾಯದ ಬಹುಪಾಲು ಬರುವುದು ಈ ಒಂದೇ ಆಟದಿಂದ. ಬ್ಯಾಂಕರ್, ಪ್ಲೇಯರ್ ಅಂತ ಎರಡು ಪಕ್ಷ. 9ಕ್ಕೆ ಹತ್ತಿರ ಬಂದ ಪಕ್ಷಕ್ಕೆ ಗೆಲುವು. ಎಲೆ ಎತ್ತುವ ನಿಯಮ ಮೊದಲೇ ಗೊತ್ತಾಗಿರುವುದರಿಂದ ನೀವು ಮಾಡಬೇಕಾದ್ದು ಪಕ್ಷ ಆರಿಸುವುದಷ್ಟೇ. ಬ್ಯಾಂಕರ್‌ಗೆ ಕಟ್ಟಿದರೆ ಕ್ಯಾಸಿನೊ ಪಾಲು ಶೇ 1.06, ಪ್ಲೇಯರ್‌ಗೆ ಶೇ 1.24. ಬ್ಯಾಂಕರ್ ಗೆದ್ದರೆ ಶೇ 5 ಕಮಿಷನ್ ಹಿಡಿಯುತ್ತಾರೆ, ಅದನ್ನು ಸೇರಿಸಿಯೇ ಈ ಲೆಕ್ಕ. ಕಮಿಷನ್ ಇಲ್ಲ ಅಂತ ಬೋರ್ಡ್ ಹಾಕಿದ ಟೇಬಲ್‌ನಲ್ಲಿ ಬ್ಯಾಂಕರ್ 6ರಿಂದ ಗೆದ್ದಾಗ ಅರ್ಧವೇ ಕೊಡುತ್ತಾರೆ. ಆಗ ಪಾಲು ಶೇ 1.46. ಕಮಿಷನ್ ಇರುವುದೇ ಅಗ್ಗ. ಎರಡೂ ಪಕ್ಷ ಸಮ ಬರುತ್ತದೆ ಅನ್ನುವ ಟೈ ಬಾಜಿಗೆ ಕೈ ಹಾಕಬೇಡಿ. 8 ಪಟ್ಟು ಕೊಡುತ್ತೇವೆ ಅನ್ನುತ್ತಾರೆ, ಪಾಲು ಶೇ 14ಕ್ಕೂ ಜಾಸ್ತಿ.

ವೇಗದ ಮಾತು ಇಲ್ಲಿ ಚೆನ್ನಾಗಿ ಕಾಣುತ್ತದೆ. ದೊಡ್ಡ ಟೇಬಲ್‌ನಲ್ಲಿ ಆಟಗಾರರೇ ಎಲೆಯನ್ನು ಮೆಲ್ಲಗೆ ಮಡಚಿ ನೋಡುತ್ತಾರೆ. ಗಂಟೆಗೆ 50 ಸುತ್ತು ಅಂದುಕೊಳ್ಳಿ, ಬ್ಯಾಂಕರ್‌ಗೆ 100ರಂತೆ ಕಟ್ಟಿದರೆ ಬಾಡಿಗೆ 53. ಮಿನಿ ಬ್ಯಾಕರಾದಲ್ಲಿ ಡೀಲರ್ ಒಬ್ಬರೇ ಎಲೆ ತೆರೆಯುತ್ತಾರೆ. ಗಂಟೆಗೆ 150 ಸುತ್ತು ಆರಾಮವಾಗಿ ಆಗುತ್ತದೆ, ಬಾಡಿಗೆ 159. ಹೌಸ್ ಎಡ್ಜ್ ಎರಡರಲ್ಲೂ ಒಂದೇ!

ದಾಳದ ಆಟಗಳು

ಎರಡು ದಾಳ ಎಸೆದು ಆಡುವ ಕ್ರ್ಯಾಪ್ಸ್ ಟೇಬಲ್ ಸುತ್ತ ಗದ್ದಲ ಜಾಸ್ತಿ. ಹೊಸಬರು ಹೆದರಿ ದೂರ ನಿಲ್ಲುತ್ತಾರೆ. ಆದರೆ ದಾಳ ಎಸೆಯುವವರ ಪರ ಕಟ್ಟುವ ಪಾಸ್ ಲೈನ್ ಅನ್ನುವ ಮೊದಲ ಬಾಜಿ ಬಹಳ ಸುಲಭ, ಪಾಲು ಶೇ 1.41. ಅದರ ಹಿಂದೆ ಆಡ್ಸ್ ಅಂತ ಹೆಚ್ಚುವರಿ ಹಣ ಇಡಬಹುದು. ಅದರಲ್ಲಿ ಕ್ಯಾಸಿನೊ ಪಾಲು ಸೊನ್ನೆ. ಇಡೀ ಕ್ಯಾಸಿನೊದಲ್ಲಿ ಇಂಥ ಬಾಜಿ ಸಿಗುವುದೇ ಅಪರೂಪ, ಅದಕ್ಕೇ ಟೇಬಲ್ ಬಟ್ಟೆಯ ಮೇಲೆ ಅದಕ್ಕೊಂದು ಗುರುತೂ ಇರುವುದಿಲ್ಲ. ಬಣ್ಣ ಬಣ್ಣದಲ್ಲಿ ಬರೆದಿರುವ ನಡುವಿನ ಬಾಜಿಗಳನ್ನು ಬಿಟ್ಟುಬಿಡಿ. ಮುಂದಿನ ಎಸೆತದಲ್ಲಿ 7 ಬೀಳುತ್ತದೆ ಅನ್ನುವ ಬಾಜಿಯ ಪಾಲು ಶೇ 16.67. ಏಷ್ಯಾದ ಕ್ಯಾಸಿನೊಗಳಲ್ಲಿ ಸಿಗುವ ಸಿಕ್ ಬೊ ಆಟದಲ್ಲಿ ಮೂರು ದಾಳದ ಮೊತ್ತ ದೊಡ್ಡದೋ ಚಿಕ್ಕದೋ ಅನ್ನುವ ಬಾಜಿಗೆ ಶೇ 2.78. ಅದರಲ್ಲೂ ಉಳಿದ ಬಾಜಿಗಳು ದುಬಾರಿ.

ಸ್ಲಾಟ್ ಮೆಷಿನ್: ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುಬಾರಿ

ಯಾರ ಮುಂದೆಯೂ ಮುಜುಗರ ಪಡಬೇಕಿಲ್ಲ, ನಿಯಮ ಕಲಿಯಬೇಕಿಲ್ಲ. ಈ ಸುಲಭಕ್ಕಾಗಿಯೇ ಜನ ಮೆಷಿನ್ ಕಡೆ ಹೋಗುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ಹಾಗಂತ ಅದರ ಒಳಗೆ ಏನು ನಡೆಯುತ್ತದೆ ಅಂತ ತಿಳಿಯದೆ ಕೂರುವುದು ಸರಿಯಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಅನ್ನುವ ಮೆಕ್ಯಾನಿಕ್ 19ನೇ ಶತಮಾನದ ಕೊನೆಗೆ ಮೂರು ಗಾಲಿಯ ಲಿಬರ್ಟಿ ಬೆಲ್ ಮಾಡಿದರು. ಆಗ ಗಾಲಿ ಮೇಲೆ ಎಷ್ಟು ಚಿತ್ರ ಇದೆಯೋ ಅಷ್ಟೇ ಸಾಧ್ಯತೆ, ಕಣ್ಣಿಗೆ ಕಂಡದ್ದೇ ಲೆಕ್ಕ. 1984ರಲ್ಲಿ ಇಂಗೆ ತೆಲ್ನಾಸ್ ಅನ್ನುವವರಿಗೆ ಒಂದು ಪೇಟೆಂಟ್ ಸಿಕ್ಕಿತು. ಅಲ್ಲಿಂದ ಫಲಿತಾಂಶವನ್ನು ಕಂಪ್ಯೂಟರ್ ಆರಿಸತೊಡಗಿತು, ಗಾಲಿ ಅದನ್ನು ತೋರಿಸುತ್ತದೆ ಅಷ್ಟೇ. ನಿಮಗೆ ಕಾಣುವ ಗಾಲಿಯಲ್ಲಿ ಜಾಕ್‌ಪಾಟ್ ಚಿತ್ರ ಇಪ್ಪತ್ತರಲ್ಲಿ ಒಂದು ಅನ್ನಿಸಬಹುದು. ಒಳಗಿನ ಪಟ್ಟಿಯಲ್ಲಿ ಅದು ಇನ್ನೂ ಎಷ್ಟೋ ಅಪರೂಪ. ಇನ್ನೇನು ಬಂದೇಬಿಟ್ಟಿತ್ತು, ಒಂದು ಮನೆ ತಪ್ಪಿತು ಅನ್ನಿಸುತ್ತದಲ್ಲ, ಆ ಒಂದು ಮನೆಗೆ ಅರ್ಥವಿಲ್ಲ. ಗುಂಡಿ ಒತ್ತಿದ ಕ್ಷಣದಲ್ಲೇ ಎಲ್ಲ ತೀರ್ಮಾನವಾಗಿರುತ್ತದೆ. ಬಹಳ ಹೊತ್ತಿನಿಂದ ಕೊಟ್ಟಿಲ್ಲ, ಈಗ ಕೊಡುತ್ತದೆ ಅನ್ನುವುದೂ ಅಷ್ಟೇ ಪೊಳ್ಳು.

ಇನ್ನೊಂದು ಸಂಗತಿ ನನಗೆ ನಿಜವಾಗಿ ಬೇಸರ ತರುತ್ತದೆ. ಒಂದೇ ಸಲಕ್ಕೆ ಇಪ್ಪತ್ತು-ಮೂವತ್ತು ಸಾಲುಗಳಿಗೆ ಬಾಜಿ ಕಟ್ಟುವ ಮೆಷಿನ್‌ನಲ್ಲಿ 100 ಕಟ್ಟಿ 40 ವಾಪಸ್ ಬಂದರೂ ದೀಪ ಮಿನುಗುತ್ತದೆ, ಸಂಗೀತ ಬರುತ್ತದೆ. 60 ಹೋಗಿದೆ, ಮೆಷಿನ್ ಮಾತ್ರ ಗೆಲುವು ಅನ್ನುತ್ತದೆ. ಮನಸ್ಸು ಸದ್ದನ್ನು ನಂಬುತ್ತದೆ. ಹಾಗಾಗಿ ಪರದೆಯ ಮೂಲೆಯಲ್ಲಿ ಉಳಿದ ಹಣದ ಸಂಖ್ಯೆಯನ್ನು ಮಾತ್ರ ನೋಡಿ.

ಮೆಷಿನ್ ಕನಿಷ್ಠ ಎಷ್ಟು ವಾಪಸ್ ಕೊಡಬೇಕು ಅಂತ ಕೆಲವು ಕಡೆ ಕಾನೂನೇ ಇದೆ. ನೆವಾಡಾದಲ್ಲಿ ಶೇ 75, ನ್ಯೂಜೆರ್ಸಿಯಲ್ಲಿ ಶೇ 83. ನಿಜವಾಗಿ ಬಹಳಷ್ಟು ಮೆಷಿನ್‌ಗಳು ಇದಕ್ಕಿಂತ ಜಾಸ್ತಿ ಕೊಡುತ್ತವೆ. ಆದರೆ ಯಾವ ಮೆಷಿನ್ ಎಷ್ಟು ಅಂತ ಹೊರಗೆ ಬರೆದಿರುವುದು ಕಡಿಮೆ. ರೂಲೆಟ್‌ನ ಸೊನ್ನೆ ಎಣಿಸಬಹುದು, ಬ್ಲ್ಯಾಕ್‌ಜಾಕ್ ನಿಯಮ ಓದಬಹುದು. ಇಲ್ಲಿ ಬಾಡಿಗೆ ಎಷ್ಟು ಅಂತ ತಿಳಿಯದೆ ಕೂರಬೇಕು. ಸಾಮಾನ್ಯವಾಗಿ ಅತಿ ಕಡಿಮೆ ಮೊತ್ತದ ಮೆಷಿನ್‌ಗಳೇ ಕಡಿಮೆ ವಾಪಸ್ ಕೊಡುತ್ತವೆ. ದೊಡ್ಡ ಜಾಕ್‌ಪಾಟ್ ಬೆಳೆಯುತ್ತಾ ಹೋಗುವ ಮೆಷಿನ್‌ಗಳಲ್ಲಿ ಪ್ರತಿ ಬಾಜಿಯ ಒಂದು ಭಾಗ ಆ ಹುಂಡಿಗೆ ಹೋಗುತ್ತದೆ, ಅದರಿಂದ ಉಳಿದವರಿಗೆ ದಿನನಿತ್ಯ ಸಿಗುವುದು ಇನ್ನೂ ಕಡಿಮೆ. 2003ರಲ್ಲಿ ಲಾಸ್ ವೇಗಾಸ್‌ನಲ್ಲಿ ಒಬ್ಬರಿಗೆ 3.9 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಅದು ಲೆಕ್ಕವಿಲ್ಲದಷ್ಟು ಜನ ಬಿಟ್ಟುಹೋದ ಹಣ.

ಮೆಷಿನ್ ಬೇಕೇ ಬೇಕು ಅನ್ನುವವರು ವೇಗ ಇಳಿಸಿ. ತಾನಾಗಿ ತಿರುಗುವ ಆಟೊಪ್ಲೇ ಮುಟ್ಟಬೇಡಿ. ನಿಮಿಷಕ್ಕೆ ಹತ್ತು ಸಲ ಬದಲು ನಾಲ್ಕು ಸಲ ಒತ್ತಿದರೆ 600ರ ಬಾಡಿಗೆ 240 ಆಗುತ್ತದೆ.

ಪೋಕರ್ ಬೇರೆಯೇ ಜಾತಿ

ಪೋಕರ್ ಕೋಣೆಯಲ್ಲಿ ಕ್ಯಾಸಿನೊ ನಿಮ್ಮ ಎದುರಾಳಿಯಲ್ಲ. ಆಟಗಾರರು ಪರಸ್ಪರ ಆಡುತ್ತಾರೆ. ಕ್ಯಾಸಿನೊ ಪ್ರತಿ ಪಾಟ್‌ನಿಂದ, ಅಂದರೆ ಎಲ್ಲರೂ ಕಟ್ಟಿದ ಒಟ್ಟು ಹಣದಿಂದ, ರೇಕ್ ಅನ್ನುವ ಸಣ್ಣ ಪಾಲು ತೆಗೆದುಕೊಳ್ಳುತ್ತದೆ, ಅದಕ್ಕೊಂದು ಮಿತಿ ಇರುತ್ತದೆ. ಚೆನ್ನಾಗಿ ಆಡುವವರು ಇಲ್ಲಿ ವರ್ಷಗಟ್ಟಲೆ ಗೆಲ್ಲಬಹುದು. ಹೊಸಬರಿಗೆ ಇಲ್ಲಿ ಗಂಟೆಯ ಬಾಡಿಗೆ ಅಂತ ಹೇಳಲು ಬರುವುದಿಲ್ಲ, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ರಜೆಗೆ ಬಂದು ಮೊದಲ ಸಲ ಕೂರುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ದುಪ್ಪಟ್ಟು ಕಟ್ಟುವ ಉಪಾಯ

ಸೋತರೆ ಮುಂದಿನ ಸಲ ದುಪ್ಪಟ್ಟು ಕಟ್ಟು, ಒಂದು ಸಲ ಗೆದ್ದರೆ ಎಲ್ಲಾ ವಾಪಸ್ ಅನ್ನುವ ಮಾರ್ಟಿಂಗೇಲ್ ಉಪಾಯವನ್ನು ಯಾರಾದರೂ ಹೇಳೇ ಹೇಳುತ್ತಾರೆ. 10ರಿಂದ ಶುರು ಮಾಡಿ. 20, 40, 80, 160, 320, 640. ಸತತ ಏಳು ಸಲ ಸೋತರೆ 1270 ಹೋಯಿತು. ಗೆದ್ದಿದ್ದರೆ ಬರುತ್ತಿದ್ದ ಲಾಭ 10. ಒಂದು ಸೊನ್ನೆಯ ರೂಲೆಟ್‌ನಲ್ಲಿ ಈ ಸರಣಿ ಶುರು ಮಾಡಿದ 106 ಸಲಕ್ಕೆ ಒಮ್ಮೆ ಹೀಗಾಗುತ್ತದೆ. ಎಂಟನೇ ಸಲ 1280 ಕಟ್ಟಲು ಹೋದರೆ ಟೇಬಲ್ ಮಿತಿ ಅಡ್ಡ ಬರುತ್ತದೆ. ಬಾಜಿಯ ಮೊತ್ತ ಹೇಗೆ ಏರಿಸಿ ಇಳಿಸಿದರೂ ಶೇ 2.7 ಬದಲಾಗುವುದಿಲ್ಲ.

ಯಾವ ಥರದ ಕ್ಯಾಸಿನೊ?

ಆಟದಷ್ಟೇ ಜಾಗವೂ ಮುಖ್ಯ. ಲಾಸ್ ವೇಗಾಸ್‌ನ ಸ್ಟ್ರಿಪ್ ಅನ್ನುವ ಕ್ಯಾಸಿನೊ ಬೀದಿಯ ದೊಡ್ಡ ರೆಸಾರ್ಟ್‌ಗಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅರ್ಧಕ್ಕಿಂತ ಜಾಸ್ತಿ ಆದಾಯ ಬರುತ್ತಿರುವುದು ಜೂಜಿನಿಂದಲ್ಲ. ರೂಮು, ಊಟ, ಸಂಗೀತ, ಅಂಗಡಿಗಳಿಂದ. 1998ರಲ್ಲಿ ತೆರೆದ ಬೆಲಾಜಿಯೊಗೆ ಕಾರಂಜಿ, ಹೂದೋಟ ನೋಡಲೆಂದೇ ಬರುವವರಿದ್ದಾರೆ. ಒಂದು ಬಾಜಿಯೂ ಕಟ್ಟದೆ ಅಲ್ಲಿ ದಿನ ಕಳೆಯಬಹುದು. ಕುಟುಂಬದೊಂದಿಗೆ ಹೋಗುವವರಿಗೆ, ಜೂಜಿನ ಬಗ್ಗೆ ಕುತೂಹಲ ಮಾತ್ರ ಇರುವವರಿಗೆ ಇಂಥ ಜಾಗವೇ ಸರಿ. ರೂಮಿನ ದರದ ಮೇಲೆ ರೆಸಾರ್ಟ್ ಫೀ ಅಂತ ಬೇರೆ ಸೇರುತ್ತದೆ, ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಮಕಾವ್‌ನಲ್ಲಿ ಆಟವೇ ಮುಖ್ಯ. 2006ರಲ್ಲೇ ಜೂಜಿನ ಆದಾಯದಲ್ಲಿ ಅದು ಸ್ಟ್ರಿಪ್ ಅನ್ನು ದಾಟಿತು. ಟೇಬಲ್‌ಗಳ ಕನಿಷ್ಠ ಬಾಜಿ ಎತ್ತರದಲ್ಲೇ ಇರುತ್ತದೆ, ಸಣ್ಣದಾಗಿ ಆಡುವವರಿಗೆ ಜಾಗ ಕಡಿಮೆ. ಮಾಂಟೆ ಕಾರ್ಲೊದಂಥ ಹಳೆಯ ಯುರೋಪಿನ ಕ್ಯಾಸಿನೊಗಳಲ್ಲಿ ಉಡುಪಿನ ನಿಯಮ ಇದೆ, ಗದ್ದಲ ಕಡಿಮೆ, ಒಂದು ಸೊನ್ನೆಯ ರೂಲೆಟ್ ಸಿಗುತ್ತದೆ. ನಿಧಾನವಾಗಿ ಆಡಲು ಇಷ್ಟಪಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೊನಾಕೊ ದೇಶದ ಪ್ರಜೆಗಳಿಗೇ ಅಲ್ಲಿ ಆಡಲು ಅವಕಾಶವಿಲ್ಲ ಅನ್ನುವುದು ಯೋಚಿಸಬೇಕಾದ ವಿಷಯ.

ಎಲ್ಲಿ ಹೋದರೂ ಮೆಂಬರ್ ಕಾರ್ಡ್ ಮಾಡಿಸಿ ಅನ್ನುತ್ತಾರೆ. ಊಟ ಫ್ರೀ, ರೂಮು ಫ್ರೀ. ಇದರ ಲೆಕ್ಕವೂ ಅದೇ ಗುಣಾಕಾರ. ನಿಮ್ಮ ಸರಾಸರಿ ಬಾಜಿ, ಗಂಟೆ, ವೇಗ, ಹೌಸ್ ಎಡ್ಜ್ ಸೇರಿಸಿ ನೀವು ಎಷ್ಟು ಕಳೆದುಕೊಳ್ಳಬೇಕು ಅಂತ ಕ್ಯಾಸಿನೊ ಲೆಕ್ಕ ಹಾಕುತ್ತದೆ. ಅದಕ್ಕೆ ಥಿಯೊ ಅನ್ನುತ್ತಾರೆ. ಸಾಮಾನ್ಯವಾಗಿ ಅದರ ಶೇ 20ರಿಂದ 40ರಷ್ಟನ್ನು ಊಟ, ರೂಮಿನ ರೂಪದಲ್ಲಿ ವಾಪಸ್ ಕೊಡುತ್ತಾರೆ. ನೀವು ಆ ದಿನ ಗೆದ್ದಿರಾ ಸೋತಿರಾ ಅನ್ನುವುದು ಅಷ್ಟು ಮುಖ್ಯವಲ್ಲ. ಹೇಗೂ ಆಡುವುದಾದರೆ ಕಾರ್ಡ್ ತೋರಿಸಿ, ಸಿಗುವುದನ್ನು ಬಿಡಬೇಡಿ. ಆದರೆ ಇನ್ನೊಂದು ಊಟ ಗಿಟ್ಟಿಸಲು ಇನ್ನೊಂದು ಗಂಟೆ ಆಡಿದರೆ ಅದು ಹೋಟೆಲ್ ಊಟಕ್ಕಿಂತ ದುಬಾರಿಯಾಗುತ್ತದೆ. ನೀವು ಏನು, ಎಷ್ಟು ಹೊತ್ತು ಆಡಿದಿರಿ ಅನ್ನುವ ಪೂರ್ತಿ ದಾಖಲೆ ಅವರ ಕೈಗೆ ಹೋಗುತ್ತದೆ ಅನ್ನುವುದೂ ತಿಳಿದಿರಲಿ.

ಆನ್‌ಲೈನ್ ಕ್ಯಾಸಿನೊ ವಿಷಯದಲ್ಲಿ ಮೊದಲ ಪ್ರಶ್ನೆ ಕಾನೂನಿನದು. ಕೆಲವು ದೇಶಗಳಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟವೇ ನಿಷೇಧ. ಅಂಥ ಕಡೆ ಹೊರದೇಶದ ಸೈಟಿಗೆ ಹಣ ಹಾಕಿದರೆ ಗೆದ್ದದ್ದನ್ನು ಕೊಡದಿದ್ದರೂ ಕೇಳುವವರಿಲ್ಲ. ಕಾನೂನು ಇರುವ ಕಡೆ ಬಿಗಿ ನಿಯಮಗಳಿವೆ. ಬ್ರಿಟನ್ 2020ರಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ಜೂಜಾಡುವುದನ್ನು ನಿಲ್ಲಿಸಿತು. 2021ರಲ್ಲಿ ಆನ್‌ಲೈನ್ ಸ್ಲಾಟ್ ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡ್ ತೆಗೆದುಕೊಳ್ಳಬೇಕು ಅಂತ ನಿಯಮ ಮಾಡಿತು. ವೇಗಕ್ಕೆ ಎಷ್ಟು ಬೆಲೆ ಇದೆ ಅಂತ ಸರ್ಕಾರಕ್ಕೂ ಗೊತ್ತಾಗಿದೆ, ಅಲ್ವಾ? ಸೇರಿದ ಕೂಡಲೇ ಬೋನಸ್ ಅನ್ನುವ ಮಾತಿಗೂ ಲೆಕ್ಕ ಹಾಕಿ ನೋಡಿ. 100 ಬೋನಸ್, 30 ಪಟ್ಟು ಆಡಬೇಕು ಅನ್ನುವ ಷರತ್ತು. ಅಂದರೆ 3000 ಬಾಜಿ ಕಟ್ಟಬೇಕು. ಶೇ 4 ಪಾಲಿನ ಆಟದಲ್ಲಿ ಸರಾಸರಿ 120 ಹೋಗುತ್ತದೆ. ಸಿಕ್ಕಿದ್ದು 100.

ಹಾಗಾದರೆ ಯಾರಿಗೆ ಯಾವುದು?

ಸ್ವಲ್ಪ ಓದಿಕೊಂಡು ಹೋಗಲು ತಯಾರಿದ್ದರೆ 2ಕ್ಕೆ 3 ಕೊಡುವ ಬ್ಲ್ಯಾಕ್‌ಜಾಕ್. ಯೋಚನೆ ಬೇಡ, ಆರಾಮವಾಗಿ ಕೂರಬೇಕು ಅಂದರೆ ಒಂದು ಸೊನ್ನೆಯ ರೂಲೆಟ್ ಅಥವಾ ದೊಡ್ಡ ಟೇಬಲ್‌ನ ಬ್ಯಾಕರಾ. ಗೆಳೆಯರ ಗುಂಪಿನಲ್ಲಿ ಹೋದವರಿಗೆ ಕ್ರ್ಯಾಪ್ಸ್‌ನ ಪಾಸ್ ಲೈನ್. ಟೇಬಲ್‌ನಲ್ಲಿ ಜನ ತುಂಬಿದ್ದಷ್ಟೂ ಒಳ್ಳೆಯದು, ಸುತ್ತು ನಿಧಾನವಾಗುತ್ತದೆ. ಒಬ್ಬರೇ ಡೀಲರ್ ಎದುರು ಕೂತರೆ ಗಂಟೆಯ ಸುತ್ತು ಎರಡು ಪಟ್ಟಿಗೂ ಹೆಚ್ಚಾಗಬಹುದು.

ಎಷ್ಟು ಒಯ್ಯಬೇಕು ಅನ್ನುವುದಕ್ಕೆ ನನ್ನ ಅಳತೆ ಇದು. ಗಂಟೆಯ ಬಾಡಿಗೆಯನ್ನು ಆಡುವ ಗಂಟೆಗಳಿಂದ ಗುಣಿಸಿ. ಅದೃಷ್ಟದ ಏರಿಳಿತಕ್ಕೆ ಮೇಲೆ ಕೆಲವು ಪಟ್ಟು ಸೇರಿಸಿ. ಆ ಮೊತ್ತ ಪೂರ್ತಿ ಹೋದರೂ ತಿಂಗಳ ಖರ್ಚಿಗೆ ತೊಂದರೆ ಇಲ್ಲದಿದ್ದರೆ ಮಾತ್ರ ಹೊರಡಿ. ಆ ಹಣ ಬಿಟ್ಟು ಬ್ಯಾಂಕ್ ಕಾರ್ಡನ್ನು ರೂಮಿನಲ್ಲೇ ಇಡಿ. ಒಳಗೆ ಎಟಿಎಂ ಹತ್ತಿರದಲ್ಲೇ ಇರುತ್ತದೆ, ಅದರ ಶುಲ್ಕವೂ ಜಾಸ್ತಿ. ಕ್ಯಾಸಿನೊ ಸಾಲ ಕೊಡುತ್ತೇವೆ ಅಂದರೆ ಬೇಡ ಅನ್ನಿ.

ಕಳೆದುಕೊಂಡದ್ದನ್ನು ವಾಪಸ್ ತರಲು ಆಡುತ್ತಿದ್ದರೆ, ಮನೆಯಲ್ಲಿ ಸುಳ್ಳು ಹೇಳಿ ಹೋಗುತ್ತಿದ್ದರೆ ಅಂಥವರಿಗೆ ಮೇಲಿನ ಯಾವ ಆಟವೂ ಬೇಡ. ಇದನ್ನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ. ಲೈಸೆನ್ಸ್ ಇರುವ ಬಹಳಷ್ಟು ಕಡೆ ನನ್ನನ್ನು ಒಳಗೆ ಬಿಡಬೇಡಿ ಅಂತ ನೀವೇ ಬರೆದುಕೊಡುವ ವ್ಯವಸ್ಥೆ ಇದೆ. ಅದಕ್ಕೆ ಸೆಲ್ಫ್ ಎಕ್ಸ್‌ಕ್ಲೂಷನ್ ಅನ್ನುತ್ತಾರೆ. 2010ರಲ್ಲಿ ಎರಡು ಕ್ಯಾಸಿನೊ ತೆರೆದ ಸಿಂಗಾಪುರ ಇದರಲ್ಲಿ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಪ್ರಜೆಗಳು ಒಳಗೆ ಹೋಗಲು ದಿನಕ್ಕೆ 150 ಸಿಂಗಾಪುರ ಡಾಲರ್ ಕಟ್ಟಬೇಕು. ಮನೆಯವರೇ ಅರ್ಜಿ ಹಾಕಿ ಒಬ್ಬರಿಗೆ ಕ್ಯಾಸಿನೊ ಬಾಗಿಲು ಮುಚ್ಚಿಸಬಹುದು. ನಿಮ್ಮ ದೇಶದಲ್ಲಿ ಇಂಥ ಅರ್ಜಿ ಎಲ್ಲಿ ಸಿಗುತ್ತದೆ ಅಂತ ಹೋಗುವ ಮುಂಚೆಯೇ ನೋಡಿಟ್ಟುಕೊಳ್ಳಿ. ಕ್ಯಾಸಿನೊದ ಕೌಂಟರ್‌ನಲ್ಲಿ ಕೇಳಿದರೂ ಕೊಡುತ್ತಾರೆ.